‘ಅದೇ’ ಮತ್ತು ‘ಅಂಥದ್ದು’

ಹಳೆಯ ಮೋಟಾರು ಕಾರುಗಳನ್ನು ಜತನದಿಂದ ಕಾಪಾಡಿಕೊಂಡು ಬರುವವರ ವಲಯದಲ್ಲಿ ‘ಪೀರಿಯಡ್ ಕರೆಕ್ಟ್’ ಎಂಬ ಮಾತೊಂದು ಬಳಕೆಯಲ್ಲಿದೆ. ಕಾರಿನೊಡನೆಯೇ ಬಂದ ವಸ್ತು ‘ಒರಿಜಿನಲ್’; ಅದರೊಡನೆ ಬಾರದಿದ್ದರೂ ಆ ಕಾಲದಲ್ಲಿ ಅಂಥ ಕಾರಿಗೆ ಹಾಕಿಸಬಹುದಾಗಿದ್ದ ವಸ್ತು ‘ಪೀರಿಯಡ್ ಕರೆಕ್ಟ್’. ಇದಕ್ಕೆ ಕನ್ನಡದಲ್ಲಿ ಏನೆನ್ನಬೇಕೆಂದು ನಾವು ಕೆಲವು ದಿನ ತಡಕಾಡಿದೆವು. ‘ಕಾಲೋಚಿತ’ ಎಂದರೆ ಆಡುವವನ ಕಾಲಕ್ಕೆ ಉಚಿತವಾದದ್ದು ಎಂದಾಗುತ್ತದೆಯೇ ಹೊರತು ವಸ್ತುವಿನ ಕಾಲಕ್ಕೆ ಎಂದಾಗುವುದಿಲ್ಲ. ‘ತತ್ಕಾಲೀನ’ ಎಂಬುದು ಅರ್ಥಕ್ಕೆ ಹೊಂದುತ್ತದೆ. ಆದರೆ ಅದು ಪುಸ್ತಕದ ಮಾತು, ಅಂಗಳದ ಮಾತಲ್ಲ. ಕೊನೆಗೆ ನಮಗೆ ದೊರೆತ ಪದ ನಿಘಂಟಿನಿಂದ ಬಂದದ್ದಲ್ಲ. ವೃದ್ಧೆಯೊಬ್ಬರು ನೇರವಾಗಿ ಕೇಳಿದ ಪ್ರಶ್ನೆಗೆ ಉತ್ತರ ಹೇಳಲೇಬೇಕಾಗಿ ಬಂದಾಗ ಬಾಯಿಗೆ ತಾನಾಗಿ ಬಂದದ್ದು ಅದು. ‘ಅಂಥದ್ದು’. ‘ಅದೇ’ ಅಲ್ಲ, ‘ಅಂಥದ್ದು’.

ಈ ಎರಡು ಪುಟ್ಟ ಪದಗಳ ನಡುವಿನ ಅಂತರವೆಷ್ಟು, ಆ ಅಂತರವನ್ನು ಮುಚ್ಚುವುದು ಯಾವಾಗ ಅಪರಾಧವಾಗುತ್ತದೆ ಎಂಬುದೇ ಈ ಬರಹದ ವಿಚಾರ. ವಿಷಯ ಒಂದು ಕಾರಿನ ರೇಡಿಯೊದಷ್ಟು ಸಣ್ಣದು. ಸಾಹಿತ್ಯ ಸಮ್ಮೇಳನದ ಸ್ಮರಣ ಸಂಚಿಕೆಗೆ ಇದು ತಕ್ಕುದೇ ಎಂದು ಸಂಪಾದಕ ಮಿತ್ರರು ಹುಬ್ಬೇರಿಸಿದರೆ ಅದು ಅವರ ಹಕ್ಕು.

ನಮ್ಮ ಅಕ್ಕಲಕೋಟೆ ಸೀಮೆಯ ಮಿತ್ರರೊಬ್ಬರ ಮನೆಯಲ್ಲಿ 1958ರ ಫಿಯೆಟ್ 1100 ಕಾರೊಂದು ಇದೆ. ಮುಂಬಯಿಯ ಕುರ್ಲಾದ ಪ್ರೀಮಿಯರ್ ಕಾರ್ಖಾನೆಯಲ್ಲಿ ಸಿದ್ಧವಾದದ್ದು. ಬೆನ್ನು ಗುಂಡಗಿರುವ ಈ ಕಾರಿಗೆ ಮರಾಠಿಗರು ಪ್ರೀತಿಯಿಂದ ‘ಡುಕ್ಕರ ಫಿಯೆಟ್’, ಎಂದರೆ ಹಂದಿ ಫಿಯೆಟ್, ಎಂದು ಹೆಸರಿಟ್ಟಿದ್ದರು. ಪ್ರೀತಿಯಿಂದಲೇ ಎಂದು ನಾವು ನಂಬಿದ್ದೇವೆ. ಮಿತ್ರರ ತೀರ್ಥರೂಪರು ಅದನ್ನು ಕೊಂಡಾಗ ಡ್ಯಾಶ್‌ಬೋರ್ಡಿನ ಕೆಳಗೆ ರೇಡಿಯೊ ಕೂಡ ಕೂಡಿಸಿದ್ದರು. ಸಂಜೆ ಹೊತ್ತು ಕಾರನ್ನು ಮನೆಯೆದುರಿನ ಬೇವಿನ ಮರದ ಕೆಳಗೆ ನಿಲ್ಲಿಸಿ, ನಾಲ್ಕೂ ಬಾಗಿಲು ತೆರೆದಿಟ್ಟು, ಧಾರವಾಡ ಕೇಂದ್ರವನ್ನು ಹಚ್ಚುತ್ತಿದ್ದರು. ಧಾರವಾಡದ ಆಕಾಶವಾಣಿ 1950ರ ಜನವರಿಯಲ್ಲಿ ಆರಂಭವಾದದ್ದು. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ನಾವು ಗಡಿಯ ಈಚೆಗೆ ಉಳಿದೆವು; ಕಚೇರಿಯ ಕಾಗದ ಒಂದು ಭಾಷೆಯಲ್ಲಿ, ಅಡುಗೆಮನೆಯ ಮಾತು ಇನ್ನೊಂದು ಭಾಷೆಯಲ್ಲಿ ಎಂಬ ಬಾಳು ನಮ್ಮದಾಯಿತು. ಗಡಿಗೆರೆಯನ್ನು ಲೆಕ್ಕಿಸದೆ ದಿನವೂ ಬರುತ್ತಿದ್ದ ಕನ್ನಡವೆಂದರೆ ಮಧ್ಯಮ ತರಂಗದ ಆ ಕನ್ನಡವೊಂದೇ. ಹೊಲದಿಂದ ಹಿಂತಿರುಗುವವರು ಬುಟ್ಟಿ ಇಳಿಸಿ ನಿಂತು ಕೇಳಿ ಹೋಗುತ್ತಿದ್ದರು. ಚಡ್ಡಿ ತೊಟ್ಟ ಹುಡುಗರಾಗಿ ಆ ಬೇವಿನ ಕೆಳಗೆ ನಾವೂ ನಿಂತಿದ್ದೇವೆ.

ಆ ರೇಡಿಯೊ ಮುಂದೆ ಮನೆಯಲ್ಲಿ ಉಳಿಯಲಿಲ್ಲ. ಅಂದಿನ ಕಾಲದಲ್ಲಿ ರೇಡಿಯೊ ಇಟ್ಟುಕೊಳ್ಳಲು ಅಂಚೆ ಕಚೇರಿಯಲ್ಲಿ ವರ್ಷವರ್ಷವೂ ಶುಲ್ಕ ಕಟ್ಟಿ ಲೈಸೆನ್ಸ್ ಪುಸ್ತಕದಲ್ಲಿ ಮುದ್ರೆ ಹಾಕಿಸಿಕೊಳ್ಳಬೇಕಿತ್ತು. 1980ರ ದಶಕದಲ್ಲಿ ಆ ಪದ್ಧತಿ ತೊಲಗಿತು. ಮಿತ್ರರ ಮನೆಯ ಪುಸ್ತಕದಲ್ಲಿ ಕೊನೆಯ ಮುದ್ರೆ 1972ರದು. ಮಹಾರಾಷ್ಟ್ರದ ಆ ಬರಗಾಲವನ್ನು ಕಂಡವರಿಗೆ ಬೇರೆ ವಿವರಣೆ ಬೇಡ. ದನಗಳಿಗೆ ಮೇವಿಲ್ಲದೆ ಮನೆಯ ಹಿರಿಯರು ರೇಡಿಯೊವನ್ನು ಬಿಚ್ಚಿ ಮಾರಿದರು. ಕಾರನ್ನು ಕೊಳ್ಳುವವರು ಸಿಕ್ಕಲಿಲ್ಲವಾದ್ದರಿಂದ ಅದು ಉಳಿಯಿತು. ಡ್ಯಾಶ್‌ಬೋರ್ಡಿನ ಕೆಳಗೆ ನಾಲ್ಕು ತಿರುಪಿನ ತೂತುಗಳೂ ಮಡ್‌ಗಾರ್ಡಿನ ಮೇಲೆ ಏರಿಯಲ್ ಇದ್ದ ಕಡೆ ಬೆಸೆದ ಬಿಲ್ಲೆಯಷ್ಟು ತಗಡೂ ಉಳಿದವು.

ಏಳೆಂಟು ವರ್ಷಗಳ ಕೆಳಗೆ ಮಿತ್ರರು ಆ ಕಾರನ್ನು ಮತ್ತೆ ಓಡುವಂತೆ ಮಾಡಿದರು. ಎಂಜಿನ್ನು, ಬ್ರೇಕು, ಬಣ್ಣ ಎಲ್ಲ ಮುಗಿದ ಮೇಲೆ ರೇಡಿಯೊದ ಮಾತು ಬಂತು. ನಾವು ನಿವೃತ್ತರು, ಹೊತ್ತು ಹೋಗಬೇಕಾದವರು. ನಾವೂ ಕೈ ಹಾಕಿದೆವು.

ತತ್ಕಾಲೀನ ರೇಡಿಯೊ ಹುಡುಕುವುದು ತೋರಿದಷ್ಟು ಸುಲಭದ ಕೆಲಸವಲ್ಲ. ‘ಮೊಟೊರೋಲಾ’ ಎಂಬ ಹೆಸರೇ 1930ರಲ್ಲಿ ಕಾರಿನ ರೇಡಿಯೊಕ್ಕೆಂದು ಹುಟ್ಟಿದ್ದು. ಅಂದಿನಿಂದ ಈ ಯಂತ್ರ ಹತ್ತು ರೂಪ ತಾಳಿದೆ. ಪೂರ್ತಿಯಾಗಿ ಟ್ರಾನ್ಸಿಸ್ಟರಿನಿಂದಲೇ ನಡೆಯುವ ಕಾರಿನ ರೇಡಿಯೊ ಅಮೆರಿಕದಲ್ಲಿ 1955ರಲ್ಲೇ ಬಂದಿತ್ತು. ಎಫ್.ಎಂ. ಹಿಡಿಯುವ ಕಾರಿನ ರೇಡಿಯೊವನ್ನು ಜರ್ಮನಿಯ ಬ್ಲಾಪುಂಕ್ಟ್ 1952ರಲ್ಲೇ ಮಾಡಿತ್ತು. ಹಾಗಾದರೆ 1958ರ ಕಾರಿಗೆ ಎಫ್.ಎಂ. ಸೆಟ್ಟು ‘ಕಾಲಕ್ಕೆ ಸರಿ’ಯಲ್ಲವೇ? ಜರ್ಮನಿಯಲ್ಲಿ ಸರಿ. ನಮ್ಮ ದೇಶದಲ್ಲಿ ಎಫ್.ಎಂ. ಪ್ರಸಾರ ಮದರಾಸಿನಲ್ಲಿ ಮೊದಲಾದದ್ದು 1977ರಲ್ಲಿ. ಅಕ್ಕಲಕೋಟೆಯ 1958ರ ಕಾರಿನಲ್ಲಿ ಅಂಥ ಡಯಲ್ ಇದ್ದರೆ ಅದು ಕೇಳಲು ಏನೂ ಇಲ್ಲದ ಕಿವಿ. ಕಾಲವೆಂಬುದು ಊರು ಬಿಟ್ಟು ಬೇರೆಯಾಗಿ ಇರುವುದಿಲ್ಲ ಎಂಬುದನ್ನು ಮೂವತ್ತು ವರ್ಷ ಇತಿಹಾಸ ಕಲಿಸಿದ ನಾವು ಒಂದು ರೇಡಿಯೊದ ಮುಖ ನೋಡಿ ಕಲಿತೆವು.

ಮುಂಬಯಿಯ ಚೋರ್ ಬಜಾರಿನಲ್ಲಿ ಕೊನೆಗೊಂದು ಸಿಕ್ಕಿತು. ವಾಲ್ವಿನ ಸೆಟ್ಟು, ಹನ್ನೆರಡು ವೋಲ್ಟಿನದು. ಸೊಲ್ಲಾಪುರದ ಹಿರಿಯ ರೇಡಿಯೊ ರಿಪೇರಿಯವರೊಬ್ಬರು ಅದನ್ನು ತಮ್ಮ ಮೇಜಿನ ಮೇಲೆ ಬಿಚ್ಚಿದರು. ವಾಲ್ವುಗಳಿಗೆ ಇನ್ನೂರು ವೋಲ್ಟಿಗೂ ಮಿಗಿಲಾದ ಒತ್ತಡ ಬೇಕು, ಕಾರಿನ ಬ್ಯಾಟರಿ ಕೊಡುವುದು ಹನ್ನೆರಡು. ಆದ್ದರಿಂದ ವೈಬ್ರೇಟರ್ ಎಂಬ ಪುಟ್ಟ ಡಬ್ಬಿಯೊಳಗೆ ಒಂದು ಉಕ್ಕಿನ ನಾಲಗೆ ಸೆಕೆಂಡಿಗೆ ನೂರರಷ್ಟು ಸಲ ಬಡಿದು ಬ್ಯಾಟರಿಯ ಧಾರೆಯನ್ನು ಕಡಿಕಡಿದು ಟ್ರಾನ್ಸ್‌ಫಾರ್ಮರಿಗೆ ಕೊಡುತ್ತದೆ. ಗುಂಡಿ ತಿರುಗಿಸಿದೊಡನೆ ಮೊದಲು ಕೇಳಿಸುವುದು ಹಾಡಲ್ಲ, ಆ ನಾಲಗೆಯ ಗುಂಯ್‌ಗುಡುವಿಕೆ. ವಾಲ್ವು ಕಾದ ಮೇಲೆಯೇ ಮಾತು. ಬೇವಿನ ಮರದ ಕೆಳಗೆ ಆ ಅರೆ ನಿಮಿಷ ಎಲ್ಲರೂ ಸುಮ್ಮನಾಗುತ್ತಿದ್ದುದು ನಮಗೆ ಆಗ ನೆನಪಾಯಿತು.

ಸೆಟ್ಟಿನ ಕಂಡೆನ್ಸರುಗಳು ಕೆಟ್ಟಿದ್ದವು. ಮೇಣ ಹಚ್ಚಿದ ಕಾಗದದ ಕೊಳವೆಯಂಥ ಆ ಕಾಲದ ಕಂಡೆನ್ಸರು ವರ್ಷ ಕಳೆದಂತೆ ಸೋರುತ್ತದೆ, ಹೊಸದನ್ನು ಹಾಕಲೇಬೇಕು. ಆದರೆ ಹೊಸದು ಹಳದಿ ಪ್ಲಾಸ್ಟಿಕ್ಕಿನದು, ಕಣ್ಣಿಗೆ ರಾಚುತ್ತದೆ. ರಿಪೇರಿಯವರು ಹಳೆಯ ಕೊಳವೆಯನ್ನು ಮೆಲ್ಲನೆ ಕಾಯಿಸಿ, ಒಳಗಿನದನ್ನು ಎಳೆದು ತೆಗೆದು, ಅದರ ಜಾಗದಲ್ಲಿ ಹೊಸ ಕಂಡೆನ್ಸರು ಇಟ್ಟು, ಎರಡೂ ಬಾಯಿಗೆ ಮತ್ತೆ ಮೇಣ ತುಂಬಿದರು. ಹೊರಗಿನಿಂದ ನೋಡಿದರೆ ಯಾರೂ ಬೆರಳಿಡದ ಹಳೆಯ ಸೆಟ್ಟು. ಜಗತ್ತಿನ ಹಳೆಯ ರೇಡಿಯೊ ಪ್ರಿಯರೆಲ್ಲ ಮೆಚ್ಚುವ ವಿದ್ಯೆಯಿದು. ನಾವೂ ಬೆರಗಾಗಿ ಹೊಗಳಿದೆವು.

ಮಿತ್ರರ ಮೊಮ್ಮಗ ಪುಣೆಯಲ್ಲಿ ಎಂಜಿನಿಯರಿಂಗ್ ಓದುವ ಹುಡುಗ. ಅವನದು ಬೇರೆ ಯೋಜನೆ. ಒಳಗಿನ ವಾಲ್ವುಗಳನ್ನೆಲ್ಲ ತೆಗೆದು, ಅಂಗೈಯಗಲದ ಬ್ಲೂಟೂತ್ ಬೋರ್ಡೊಂದನ್ನು ಕೂಡಿಸಿ, ಮೊಬೈಲಿನಿಂದ ಬೇಕಾದ ಹಾಡು ಬಾರಿಸುವುದು. ಮುಖ, ಗುಂಡಿ, ಡಯಲ್ ಮಾತ್ರ ಹಳೆಯವು. ನಾವು ಅವನಿಗೆ ಸತ್ಯಾಸತ್ಯದ ಮೇಲೆ ಒಂದು ದೀರ್ಘ ಪಾಠ ಮಾಡಿದೆವು. ಹುಡುಗ ಕೊನೆಯವರೆಗೂ ಕೇಳಿ, “ಗುರೂಜಿ, ಕಂಡೆನ್ಸರ್ ಸುಳ್ಳು ನಡೀತದ, ನನ್ನ ಬೋರ್ಡ್ ಸುಳ್ಳು ಯಾಕ ನಡೆಯಂಗಿಲ್ಲ?” ಎಂದು ಕೇಳಿದ. ಆ ಸಂಜೆ ನಮ್ಮಲ್ಲಿ ಉತ್ತರವಿರಲಿಲ್ಲ.

ಪ್ರಶ್ನೆ ಹಳೆಯದು. ಗ್ರೀಕರು ಥೀಸಿಯಸನ ಹಡಗಿನ ಹಲಗೆಗಳನ್ನು ಒಂದೊಂದಾಗಿ ಬದಲಿಸುತ್ತಾ ಹೋಗಿ, ಇದು ಅದೇ ಹಡಗೇ ಎಂದು ಚರ್ಚಿಸಿದರು. ನಮ್ಮ ಕಡೆಯ ಉದಾಹರಣೆ ಇನ್ನೂ ಹತ್ತಿರದ್ದು, ಏಕೆಂದರೆ ಅದು ವಾಹನದ್ದೇ. ‘ಮಿಲಿಂದಪಞ್ಹ’ದಲ್ಲಿ ಯವನ ರಾಜ ಮಿಲಿಂದನು ರಥವೇರಿ ಬಂದಾಗ ಭಿಕ್ಷು ನಾಗಸೇನನು ಅವನನ್ನು ಕೇಳುತ್ತಾನೆ: ಮೂಕಿಯೇ ರಥವೇ, ಅಚ್ಚೇ ರಥವೇ, ಗಾಲಿಯೇ ರಥವೇ? ಒಂದೂ ಅಲ್ಲ, ಇವೆಲ್ಲದರ ಕೂಟಕ್ಕೆ ನಾವಿಟ್ಟ ಹೆಸರು ರಥ. ಈ ಮಾತನ್ನು ಒಪ್ಪಿದರೆ ಮೊಮ್ಮಗನ ಬೋರ್ಡಿಗೂ ರಿಪೇರಿಯವರ ಕಂಡೆನ್ಸರಿಗೂ ಭೇದವಿಲ್ಲ. ಮಿತ್ರರ ಕಾರಿನ ಟೈರು, ಕ್ಲಚ್ಚು, ಪಿಸ್ಟನ್ನು ಅರುವತ್ತು ವರ್ಷಗಳಲ್ಲಿ ಎಷ್ಟು ಸಲ ಬದಲಾಗಿವೆಯೋ, ಯಾರೂ ಕಣ್ಣೀರಿಟ್ಟಿಲ್ಲ. (ವಿಷಯ ಚಲಿಸುವ ಕಾರಿನದಾದ್ದರಿಂದ ಇಲ್ಲಿ ಸ್ಥಾವರ–ಜಂಗಮಗಳ ಮಾತೆತ್ತುವ ಆಸೆ ನಮಗೂ ಆಯಿತು. ಆದರೆ ನಮ್ಮ ಸಮ್ಮೇಳನಗಳ ವೇದಿಕೆಗಳ ಮೇಲೆ ಆ ಜೋಡಿ ಬಹಳ ದುಡಿದಿದೆ; ಒಂದು ವರ್ಷ ವಿಶ್ರಾಂತಿ ಪಡೆಯಲಿ.)

ನಾಗಸೇನನ ಉತ್ತರ ಜ್ಞಾನದ ಪ್ರಶ್ನೆಗೆ ಸಾಕಾಗುತ್ತದೆ, ನಡತೆಯ ಪ್ರಶ್ನೆಗೆ ಸಾಕಾಗದು. ಇದು ಅದೇ ರಥವೇ ಎಂಬುದು ಒಂದು ಪ್ರಶ್ನೆ. ಇದು ಅದೇ ಎಂದು ನಾನು ಇನ್ನೊಬ್ಬರಿಗೆ ಹೇಳಬಹುದೇ ಎಂಬುದು ಬೇರೆ ಪ್ರಶ್ನೆ. ಎರಡನೆಯದಕ್ಕೆ ಒಳ್ಳೆಯ ನಿದರ್ಶನ ಪುರಿಯ ಜಗನ್ನಾಥನದು. ಅಲ್ಲಿ ದೇವರ ಮೂರ್ತಿಗಳು ಮರದವು. ಅಧಿಕ ಆಷಾಢ ಬರುವ ವರ್ಷಗಳಲ್ಲಿ ನವಕಳೇಬರವೆಂಬ ವಿಧಿಯಿಂದ ಹೊಸ ಬೇವಿನ ಮರದಲ್ಲಿ ಹೊಸ ಮೂರ್ತಿಗಳು ಸಿದ್ಧವಾಗುತ್ತವೆ, ಹಳೆಯವನ್ನು ಹೂಳುತ್ತಾರೆ. 1996ರಲ್ಲಿ ಆಯಿತು, 2015ರಲ್ಲಿ ಆಯಿತು. ಬ್ರಹ್ಮ ಪದಾರ್ಥವನ್ನು ಹಳೆಯದರಿಂದ ಹೊಸದಕ್ಕೆ ಸಾಗಿಸುವ ಕ್ರಿಯೆ ಮಾತ್ರ ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ನಡೆಯುವ ಗುಟ್ಟು. ಆದರೆ ಮೂರ್ತಿ ಹೊಸದೆಂಬುದು ಗುಟ್ಟಲ್ಲ. ಅದನ್ನು ಲೋಕಕ್ಕೆಲ್ಲ ಸಾರಿ, ಲಕ್ಷಾಂತರ ಜನರೆದುರು ಹಬ್ಬ ಮಾಡುತ್ತಾರೆ. ಬದಲಿಸುವುದರಲ್ಲಿ ದೋಷವಿಲ್ಲ, ಬದಲಿಸಿಲ್ಲವೆನ್ನುವುದರಲ್ಲಿ ಇದೆ. ಪ್ರಾಚೀನ ಸ್ಮಾರಕಗಳ ರಕ್ಷಣೆಯನ್ನು ಕುರಿತು 1964ರಲ್ಲಿ ವೆನಿಸ್ಸಿನಲ್ಲಿ ತಜ್ಞರು ಸೇರಿ ಒಂದು ಸನದು ಬರೆದರು. ಕಳೆದುಹೋದ ಭಾಗದ ಬದಲು ಕೂಡಿಸಿದ ಭಾಗ ಒಟ್ಟಿಗೆ ಹೊಂದಿಕೊಳ್ಳಬೇಕು, ಆದರೆ ಮೂಲದಿಂದ ಬೇರೆಯೆಂದು ಗುರುತು ಸಿಗುವಂತಿರಬೇಕು, ಊಹೆ ಶುರುವಾಗುವಲ್ಲಿ ಜೀರ್ಣೋದ್ಧಾರ ನಿಲ್ಲಬೇಕು ಎಂಬುದು ಅದರ ಅಭಿಪ್ರಾಯ. ಕಲ್ಲಿಗೆ ಹೇಳಿದ ಈ ಮಾತು ತಗಡಿಗೂ ಸಲ್ಲುತ್ತದೆ.

ಈ ಬೆಳಕಿನಲ್ಲಿ ಹುಡುಗನಿಗೆ ಕೊಡಬೇಕಾದ ಉತ್ತರ ಒಂದು ವಾರ ತಡವಾಗಿ ನಮಗೆ ಹೊಳೆಯಿತು. ಮೇಣದ ಕೊಳವೆಯೊಳಗಿನ ಹೊಸ ಕಂಡೆನ್ಸರು ಹಳೆಯದು ಮಾಡುತ್ತಿದ್ದ ಕೆಲಸವನ್ನೇ ಮಾಡುತ್ತದೆ. ಸೆಟ್ಟು ‘ನಾನು ಗಾಳಿಯ ತರಂಗ ಹಿಡಿಯುತ್ತೇನೆ’ ಎಂದು ಮುಖದಲ್ಲಿ ಬರೆದುಕೊಂಡಿದೆ, ಹಾಗೆಯೇ ಹಿಡಿಯುತ್ತದೆ. ಬೋರ್ಡು ಕೂಡಿಸಿದರೆ ಡಯಲ್ಲಿನ ಮುಳ್ಳು ಧಾರವಾಡದ ಮೇಲೆ ನಿಂತಾಗಲೂ ಮಾತಾಡುವುದು ಜೇಬಿನಲ್ಲಿರುವ ಮೊಬೈಲು. ಮುಳ್ಳು ತಿರುಗಿಸುವ ಕೈ ನಾಟಕವಾಡುತ್ತದೆ. ಸುಳ್ಳು ಇರುವುದು ಒಳಗಿನ ತುಂಡಿನಲ್ಲಲ್ಲ, ಡಯಲ್ಲಿನಲ್ಲಿ. ಹುಡುಗ ಇದನ್ನು ಅರ್ಧ ಒಪ್ಪಿದ. “ನಾಳೆ ಮೀಡಿಯಂ ವೇವ್ ಬಂದ್ ಆದ್ರ?” ಎಂದು ಕೇಳಿ ಉಳಿದರ್ಧವನ್ನು ತನ್ನಲ್ಲೇ ಇಟ್ಟುಕೊಂಡ. ಮಧ್ಯಮ ತರಂಗದ ಪ್ರೇಷಕಗಳು ನಮ್ಮ ದೇಶದಲ್ಲಿ ಒಂದೊಂದಾಗಿ ಮುಚ್ಚುತ್ತಿರುವುದು ಅವನಿಗೆ ನಮಗಿಂತ ಚೆನ್ನಾಗಿ ಗೊತ್ತಿತ್ತು. ಅಂಥ ದಿನ ಬಂದರೆ ಪ್ರಾಮಾಣಿಕವಾದ ರೇಡಿಯೊ ಬರಿಯ ಗೊರಗೊರ ಸದ್ದು ಮಾಡಬೇಕಾಗುತ್ತದೆ. ಆಗ ಹೊರಗಿನಿಂದ ಒಂದು ತಂತಿ ಕೊಟ್ಟು ಮೊಬೈಲು ಸೇರಿಸೋಣ, ಆದರೆ ಆ ತಂತಿ ಎಲ್ಲರಿಗೂ ಕಾಣುವಂತಿರಲಿ ಎಂದು ಅಜ್ಜ ಮೊಮ್ಮಕ್ಕಳ ನಡುವೆ ಒಪ್ಪಂದವಾಯಿತು. ನಮಗೂ ಅದು ನ್ಯಾಯವೆನಿಸಿತು.

ಇಷ್ಟು ಹೊತ್ತು ನಾವು ನ್ಯಾಯಾಧೀಶರ ಪೀಠದಲ್ಲಿ ಕುಳಿತಂತೆ ಬರೆದೆವು. ಆದರೆ ಆ ಪೀಠಕ್ಕೆ ನಾವು ಯೋಗ್ಯರಲ್ಲ.

ನಾವು ಮುಖ್ಯಾಧ್ಯಾಪಕರಾಗಿದ್ದ ಕನ್ನಡ ಶಾಲೆಯಲ್ಲಿ ಹಿಂದೆ ಒಂದು ರೇಡಿಯೊ ಇತ್ತು. ಊರಿಗೆ ವಿದ್ಯುತ್ತು ಬರುವ ಮುನ್ನಿನದು, ಒಣ ಬ್ಯಾಟರಿಯಿಂದ ನಡೆಯುವ ಮರದ ಪೆಟ್ಟಿಗೆ. ಶಾಲಾ ಪ್ರಸಾರದ ಹೊತ್ತಿಗೆ ಅದನ್ನು ಮಾಡಿನಿಂದ ಹೊತ್ತು ತಂದು ಪಡಸಾಲೆಯ ಮೇಜಿನ ಮೇಲಿಡುವುದು ಏಳನೆಯ ಇಯತ್ತೆಯ ಹುಡುಗರಿಗೆ ದೊಡ್ಡ ಗೌರವ. ನಾವು ಹೊಸದಾಗಿ ಶಿಕ್ಷಕರಾಗಿ ಸೇರಿದ್ದ ವರ್ಷ ಒಬ್ಬ ಹುಡುಗ ಅದನ್ನು ಹೊತ್ತು ತರುವಾಗ ಹೊಸ್ತಿಲೆಡವಿ ಬಿದ್ದ. ಪೆಟ್ಟಿಗೆಯ ಎಡಮೂಲೆ ಬೆರಳಗಲ ಚಕ್ಕೆ ಎದ್ದಿತು. ಹುಡುಗನ ಮೊಣಕಾಲಿನಿಂದ ರಕ್ತ ಸುರಿಯುತ್ತಿತ್ತು. ಅದನ್ನು ನೋಡುವ ಮೊದಲು ನಾವು ರೇಡಿಯೊ ನೋಡಿದೆವು; ನೋಡಿ ಅವನಿಗೆ ಬೆತ್ತದಿಂದ ಹೊಡೆದೆವು.

ಕಾಲ ಕಳೆದು ರೇಡಿಯೊ ಮೂಕವಾಯಿತು. ನಾವು ಮುಖ್ಯಾಧ್ಯಾಪಕರಾದ ಮೇಲೆ ಒಂದು ತಪಾಸಣೆಯ ಮುನ್ನ ಡೆಡ್‌ಸ್ಟಾಕ್ ರಜಿಸ್ಟರು ಹಗುರ ಮಾಡುವ ಉತ್ಸಾಹದಲ್ಲಿ, ಕಾಲು ಮುರಿದ ಬಾಕುಗಳ ಜೊತೆಗೆ ಅದನ್ನೂ ಇಲ್ಲಿನ ಕಚೇರಿ ಮಾತಿನಲ್ಲಿ ‘ನಿರ್ಲೇಖನ’ ಮಾಡಿಸಿದೆವು. ಗುಜರಿಯವನು ತೂಕ ಮಾಡಿ ಒಯ್ದ. ರಜಿಸ್ಟರಿನಲ್ಲಿ ನಮ್ಮ ಸಹಿ ಇದೆ. ಇದರಲ್ಲಿ ನಿಯಮದ ಉಲ್ಲಂಘನೆ ಒಂದಿಷ್ಟೂ ಇಲ್ಲ.

ಮುಂದೆ ಶಾಲೆಯ ಸುವರ್ಣ ಮಹೋತ್ಸವ ಬಂತು. ಹಳೆಯ ವಸ್ತುಗಳ ಪ್ರದರ್ಶನ ಇಡಬೇಕೆಂದಾಯಿತು. ಎಲ್ಲರ ಬಾಯಲ್ಲೂ ‘ನಮ್ಮ ರೇಡಿಯೊ ಇಡ್ರಿ’ ಎಂಬುದೇ ಮಾತು. ಮಾರಿದ್ದೇವೆಂದು ಹೇಳಲು ನಮಗೆ ನಾಲಗೆ ಬರಲಿಲ್ಲ. ಸೊಲ್ಲಾಪುರದ ಹಳೆ ಸಾಮಾನಿನ ಅಂಗಡಿಯಲ್ಲಿ ಅದೇ ತಯಾರಿಕೆಯ, ಅದೇ ಅಳತೆಯ, ಬಹುಶಃ ಅದೇ ವರ್ಷದ ಸೆಟ್ಟೊಂದು ದೊರೆಯಿತು. ಸ್ವಂತ ಹಣದಿಂದ ಕೊಂಡೆವು. ಆ ಸ್ವಂತ ಹಣದ ಮಾತು ಬಹಳ ದಿನ ನಮ್ಮ ಮನಸ್ಸಾಕ್ಷಿಯ ಬಾಯಿ ಮುಚ್ಚಿಸಿತ್ತು. ಮೇಜಿನ ಮೇಲೆ ಬಿಳಿಯ ಬಟ್ಟೆ ಹಾಸಿ, ರೇಡಿಯೊ ಇಟ್ಟು, ನಮ್ಮ ಕೈಯಿಂದಲೇ ‘ನಮ್ಮ ಶಾಲೆಯ ರೇಡಿಯೊ’ ಎಂದು ಚೀಟಿ ಬರೆದು ನಿಲ್ಲಿಸಿದೆವು. ಜನ ಬಂದರು, ಮುಟ್ಟಿದರು, ಹನಿಗಣ್ಣಾದರು. ಅವರ ನೆನಪು ನಿಜ, ಕಣ್ಣೀರು ನಿಜ, ರೇಡಿಯೊ ಕೂಡ ಆ ಕಾಲದ್ದೇ ನಿಜ. ಆ ಮೂರು ನಿಜಗಳ ನಡುವೆ ಚೀಟಿಯೊಂದೇ ಸುಳ್ಳು.

ಆ ಹುಡುಗನೂ ಬಂದಿದ್ದ. ಆಗ ಅವನಿಗೆ ನಲವತ್ತು ದಾಟಿತ್ತು, ತಲೆ ಅರೆ ನರೆತಿತ್ತು. ನೇರವಾಗಿ ರೇಡಿಯೊದ ಬಳಿಗೆ ಹೋಗಿ ಬಾಗಿ, ಎಡಮೂಲೆಯ ಮೇಲೆ ಹೆಬ್ಬೆರಳು ಆಡಿಸಿದ. ಮೂಲೆ ನುಣುಪಾಗಿತ್ತು. ಬಲಮೂಲೆಯನ್ನೂ ಮುಟ್ಟಿ ನೋಡಿದ, ತನಗೇ ಮರೆವಾಗಿರಬಹುದೆಂಬಂತೆ. ಆಮೇಲೆ ತಲೆಯೆತ್ತಿ ನಮ್ಮನ್ನು ನೋಡಿದ. “ಚಲೋ ಜ್ವಾಪಾನ ಮಾಡೀರಿ ಗುರೂಜಿ” ಎಂದು ಕೈಮುಗಿದು ಹೊರಟುಹೋದ.

ಆ ಮಾತಿನಲ್ಲಿ ವ್ಯಂಗ್ಯವಿತ್ತೇ, ಕ್ಷಮೆಯಿತ್ತೇ, ಅಥವಾ ಅವನು ನಿಜವಾಗಿಯೂ ನಂಬಿದನೇ ಎಂದು ನಾವು ಎಷ್ಟೋ ರಾತ್ರಿ ಯೋಚಿಸಿದ್ದೇವೆ. ಮೂರರಲ್ಲಿ ಯಾವುದು ನಮಗೆ ಹೆಚ್ಚು ಭಾರವೆಂದು ಕೇಳಿದರೆ, ನಂಬಿದ್ದರೆ ಎಂಬುದೇ. ನಂಬಿದ್ದರೆ ತಾನು ಬಿದ್ದದ್ದು, ಪೆಟ್ಟಿಗೆ ಒಡೆದದ್ದು, ಏಟು ತಿಂದದ್ದು ಬಹುಶಃ ತಾನು ಎಣಿಸಿದಂತೆ ನಡೆದೇ ಇಲ್ಲವೇನೋ ಎಂಬ ಸಂದೇಹವನ್ನು ಅವನು ಒಯ್ದಿರುತ್ತಾನೆ. ಅವನಲ್ಲಿದ್ದ ಒಂದು ಸತ್ಯಕ್ಕೆ ಆ ಚಕ್ಕೆಯೊಂದೇ ಸಾಕ್ಷಿಯಾಗಿತ್ತು. ಅದರ ಜಾಗದಲ್ಲಿ ನಾವು ನುಣುಪಾದ ಮೂಲೆಯನ್ನು ಇಟ್ಟೆವು. ‘ಅಂಥದ್ದ’ನ್ನು ‘ಅದೇ’ ಎಂದರೆ ಯಾರಿಗೇನು ನಷ್ಟ ಎಂದು ಕೇಳುವವರಿಗೆ ನಮ್ಮಲ್ಲಿರುವ ಉತ್ತರ ಇಷ್ಟೇ. ವಸ್ತುವಿನ ಮೇಲಿನ ಗಾಯ ಯಾರದೋ ಬದುಕಿನ ದಾಖಲೆಯಾಗಿರುತ್ತದೆ. ಗಾಯವಿಲ್ಲದ ಜೋಡಿಯನ್ನು ತಂದಿಟ್ಟು ಇದೇ ಅದು ಎಂದಾಗ ಆ ದಾಖಲೆ ಸುಳ್ಳಾಗುತ್ತದೆ.

ಇದನ್ನು ಮನಸ್ಸಿನಲ್ಲಿಟ್ಟುಕೊಂಡೇ ನಾವು ಮಿತ್ರರ ಕಾರಿನ ಕೆಲಸದಲ್ಲಿ ತೊಡಗಿದ್ದುದು. ಸೆಟ್ಟನ್ನು ಹಳೆಯ ನಾಲ್ಕು ತೂತುಗಳಿಗೆ ಹೊಂದಿಸಲು ಹೊಸ ಪಟ್ಟಿಗಳನ್ನು ಮಾಡಿಸಬೇಕಾಯಿತು, ಏಕೆಂದರೆ ಈ ಸೆಟ್ಟಿನ ಅಗಲ ಬೇರೆ. ಕಾರಿಗೆ ಹೊಸ ತೂತು ಕೊರೆಯಬಾರದೆಂದು ನಾವು ಹಟ ಹಿಡಿದೆವು. ಎಂಜಿನ್ನು ಹಚ್ಚಿದಾಗ ಡಿಸ್ಟ್ರಿಬ್ಯೂಟರಿನ ಕಿಡಿಯ ಟಿಕ್‌ಟಿಕ್ ಸದ್ದೂ ಡೈನಮೊದ ಕೊರಗೂ ಸ್ಪೀಕರಿನಲ್ಲಿ ಬಂದವು. ಕಾಯಿಲ್ ತಂತಿಗೆ ಒಂದು ರೆಸಿಸ್ಟೆನ್ಸು, ಡೈನಮೊಗೆ ಒಂದು ಕಂಡೆನ್ಸರು, ಬಾನೆಟ್ಟಿಗೂ ಚೌಕಟ್ಟಿಗೂ ನಡುವೆ ಹೆಣೆದ ತಾಮ್ರದ ಪಟ್ಟಿ ಹಾಕಿದ ಮೇಲೆ ಸದ್ದು ಅಡಗಿತು. ಏರಿಯಲ್ ಕೂಡಿಸಿದ ಬಳಿಕ ಕ್ಷೀಣವಾದ ಒಂದು ಕೇಂದ್ರವನ್ನು ಹಿಡಿದು, ಟ್ರಿಮ್ಮರಿನ ತಿರುಪನ್ನು ಕೂದಲೆಳೆಯಷ್ಟು ತಿರುವುತ್ತಾ ದನಿ ಅತ್ಯಂತ ಸ್ಪಷ್ಟವಾಗುವಲ್ಲಿ ನಿಲ್ಲಿಸಬೇಕು. ಅದನ್ನು ರಿಪೇರಿಯವರು ಕಣ್ಣು ಮುಚ್ಚಿಕೊಂಡು ಮಾಡಿದರು. ಕೆಲಸ ಕಲಿತವರ ಮುಖದಲ್ಲಿ ಆ ಕ್ಷಣ ಕಾಣುವ ಶಾಂತಿಯನ್ನು ಮಠಗಳಲ್ಲಿಯೂ ನಾವು ಹೆಚ್ಚು ಕಂಡಿಲ್ಲ.

ಸೆಟ್ಟಿನ ಕೆಳಗಿನ ಮುಚ್ಚಳದ ಒಳಮೈಯಲ್ಲಿ ಪೆನ್ಸಿಲಿನಿಂದ ಗುಜರಾತಿ ಅಕ್ಷರಗಳಲ್ಲಿ ಏನೋ ಬರೆದು 1969 ಎಂಬ ವರ್ಷ ಹಾಕಿತ್ತು. ಹಿಂದೆ ಯಾರೋ ದುರಸ್ತಿ ಮಾಡಿದ ಗುರುತು. ಒರೆಸಿ ಶುಚಿ ಮಾಡೋಣವೆಂದು ಮೊಮ್ಮಗ ಕೇಳಿದ. ಬೇಡವೆಂದೆವು. ಏಕೆ ಬೇಡವೆಂಬುದು ಆಗ ನಮಗೂ ಸ್ಪಷ್ಟವಿರಲಿಲ್ಲ.

ಮಹಾನವಮಿಯ ಖಂಡೇಪೂಜೆಯ ಸಂಜೆ ಕಾರನ್ನು ಬೇವಿನ ಕೆಳಗೆ ನಿಲ್ಲಿಸಿ ಬಾಗಿಲು ತೆರೆದರು. ಮಿತ್ರರ ತಾಯಿಯವರನ್ನು ಕುರ್ಚಿಯ ಮೇಲೆ ತಂದು ಕೂರಿಸಿದರು. ಅವರಿಗೆ ಆಗ ಎಂಬತ್ತೈದು. ನಾಲಗೆ ಗುಂಯ್‌ಗುಟ್ಟಿತು, ಎಲ್ಲರೂ ಸುಮ್ಮನಾದರು, ವಾಲ್ವು ಕಾಯಿತು. ಮೊದಲು ಸಿಕ್ಕಿದ್ದು ಹತ್ತಿರದ ಕಲಬುರಗಿ. ಅದನ್ನು ದಾಟಿ ಮುಳ್ಳು 765 ಕಿಲೋಹರ್ಟ್ಸಿನ ಆಸುಪಾಸಿಗೆ, ಹಳೆಯ ಮೀಟರಿನ ಲೆಕ್ಕದಲ್ಲಿ 392ಕ್ಕೆ, ಬಂದಾಗ ಧಾರವಾಡ ಕೇಳಿಸಿತು. ತೆರೆಯಂತೆ ಏರುತ್ತ ಇಳಿಯುತ್ತ, ಆದರೆ ಅದೇ ಕೇಂದ್ರ. ಮಿತ್ರರು ಉಮ್ಮಳಿಸಿ ಬಂದ ಸಂತೋಷದಲ್ಲಿ, “ಯವ್ವಾ, ಅಪ್ಪನ ರೇಡಿಯೊ!” ಎಂದರು.

ಆಕೆ ಮಗನ ಮಾತಿಗೆ ತಲೆದೂಗಲಿಲ್ಲ. ನಮ್ಮ ಕಡೆ ತಿರುಗಿ, “ಮಾಸ್ತರ, ಇದು ಅದ ರೇಡಿಯೊ ಏನ್ರಿ? ನೀವ ಹೇಳ್ರಿ” ಎಂದು ಕೇಳಿದರು.

ಮಿತ್ರರು ಆಕೆಯ ಬೆನ್ನ ಹಿಂದೆ ನಿಂತು ನಮಗೆ ಕಣ್ಸನ್ನೆ ಮಾಡುತ್ತಿದ್ದರು. ಅದನ್ನು ತಪ್ಪೆಂದು ನಾವು ಇಂದಿಗೂ ಹೇಳಲಾರೆವು. ಮುಪ್ಪಿನ ತಾಯಿಗೆ ಒಂದು ಸಂಜೆಯ ಸುಖ ಕೊಡಲು ‘ಹೌದು’ ಎಂಬ ಎರಡಕ್ಷರ ದುಬಾರಿಯೇನಲ್ಲ. ಅಂಥ ಸುಳ್ಳನ್ನು ನೀತಿಶಾಸ್ತ್ರಗಳು ಕೂಡ ಹೆಚ್ಚು ಬೈದಿಲ್ಲ. ಆದರೆ ಆಕೆ ಮಗನನ್ನು ಬಿಟ್ಟು ನಮ್ಮನ್ನು ಕೇಳಿದ್ದರು. ಕೇಳಿದ್ದು ಸುಖವನ್ನಲ್ಲ. ನಮ್ಮ ಕಣ್ಣ ಮುಂದೆ ಆ ಹೆಬ್ಬೆರಳು ನುಣುಪಾದ ಮೂಲೆಯ ಮೇಲೆ ಆಡುತ್ತಿತ್ತು. “ಅಲ್ಲರಿ ಅವ್ವಾರ, ಅಂಥದ್ದು” ಎಂದೆವು.

“ಗೊತ್ತದರಿ. ಅದು ಹೋದ ದಿನ ಮನಿಗೆ ಕಣಕಿ ಬಂದಿತ್ತು” ಎಂದರು ಆಕೆ. ಸ್ವಲ್ಪ ಹೊತ್ತು ಕೇಳುತ್ತ ಕುಳಿತು, “ಇದು ಯಾರ ಮನೀದೊ ಪಾಪ” ಎಂದರು.

ಇಷ್ಟು ತಿಂಗಳು ವರ್ಷ, ವೋಲ್ಟು, ಡಯಲ್ಲುಗಳ ಲೆಕ್ಕ ಹಾಕಿದ ನಮಗೆ ಯಾರಿಗೂ ಆ ಪ್ರಶ್ನೆ ಬಂದಿರಲಿಲ್ಲ. ಮಿತ್ರರ ಕಾರಿಗೆ ‘ಅಂಥದ್ದು’ ಆದ ಈ ಸೆಟ್ಟು ಇನ್ನಾವುದೋ ಕಾರಿಗೆ ‘ಅದೇ’ ಆಗಿತ್ತು. ಎಲ್ಲಿಯೋ ಒಂದು ಡ್ಯಾಶ್‌ಬೋರ್ಡಿನ ಕೆಳಗೆ ಇದರ ಅಳತೆಯ ತೂತುಗಳಿರಬಹುದು. ಅಲ್ಲಿಯೂ ಒಂದು ಬರಗಾಲವೋ ಸಾಲವೋ ಸಾವೋ ಇದ್ದಿರಬೇಕು. ಪೆನ್ಸಿಲಿನ ಆ ಗುಜರಾತಿ ಬರಹವನ್ನು ಒರೆಸದಿದ್ದುದು ಒಳ್ಳೆಯದಾಯಿತು. ‘ಕಾಲಕ್ಕೆ ಸರಿ’ ಎಂಬ ಮಾತಿನಲ್ಲಿ ಇದೊಂದು ದೊಡ್ಡ ಕೊರತೆ: ಕಾಲವನ್ನು ನೋಡುತ್ತದೆ, ಮನೆಯನ್ನು ನೋಡುವುದಿಲ್ಲ. ಮತ್ತು ಯಾವ ಕಾಲ? ಕಾರಿನ ಕಾಲವೆಂದರೆ 1958 ಮಾತ್ರವೇ? 1972 ಕೂಡ ಅದರ ಕಾಲವೇ. ರೇಡಿಯೊ ಇಲ್ಲದ ಆ ನಾಲ್ಕು ತೂತುಗಳು ರೇಡಿಯೊದಷ್ಟೇ ಆ ಮನೆಯ ಚರಿತ್ರೆ. ಒಂದು ವಸ್ತುವನ್ನು ಅದರ ಒಳ್ಳೆಯ ದಿನಕ್ಕೆ ಹಿಂತಿರುಗಿಸುವ ಭರದಲ್ಲಿ ಅದು ಕಂಡ ಕೆಟ್ಟ ದಿನಗಳನ್ನು ನಾವು ಅಳಿಸುತ್ತೇವೆ. ಆ ಕೆಟ್ಟ ದಿನಗಳಲ್ಲಿ ಎತ್ತುಗಳನ್ನು ಉಳಿಸಿದವರ ಬುದ್ಧಿಯನ್ನೂ ಜೊತೆಗೇ ಅಳಿಸುತ್ತೇವೆ. ಮಿತ್ರರು ಈಗ ಲೈಸೆನ್ಸ್ ಪುಸ್ತಕವನ್ನು ಗಾಜಿನ ಚೌಕಟ್ಟಿನಲ್ಲಿ ಹಾಕಿ, ಕೊನೆಯ ಮುದ್ರೆ ಕಾಣುವಂತೆ ತೆರೆದು, ಕಾರಿನ ಶೆಡ್ಡಿನ ಗೋಡೆಗೆ ತೂಗುಹಾಕಿದ್ದಾರೆ. ನೋಡಲು ಬಂದವರು ಕೇಳಿದರೆ ಮೊದಲು ಆ ಕಥೆ ಹೇಳುತ್ತಾರೆ, ಆಮೇಲೆ ಗುಂಡಿ ತಿರುಗಿಸುತ್ತಾರೆ.

ತಾಯಿಯವರು ಈಗಿಲ್ಲ.

ಆ ದಸರೆಯ ನಂತರ ನಾವು ನಮ್ಮ ಹಳೆಯ ಶಾಲೆಗೆ ಹೋದೆವು. ರೇಡಿಯೊ ಇನ್ನೂ ಮುಖ್ಯಾಧ್ಯಾಪಕರ ಕೋಣೆಯ ಕಪಾಟಿನ ಮೇಲಿತ್ತು, ಚೀಟಿ ಹಳದಿಯಾಗಿ ಅದಕ್ಕೆ ಅಂಟಿಕೊಂಡೇ ಇತ್ತು. ಈಗಿನ ಮುಖ್ಯಾಧ್ಯಾಪಕರು ನಮ್ಮ ವಿದ್ಯಾರ್ಥಿಯೇ. ವಿಷಯ ಕೇಳಿ, ಇರಲಿ ಬಿಡ್ರಿ ಗುರೂಜಿ, ಯಾರಿಗೆ ಗೊತ್ತಾಗ್ತದ ಎಂದರು. ಬಿಡಲಿಲ್ಲ. ಹೊಸ ಚೀಟಿ ಬರೆದೆವು: ಇದು ನಮ್ಮ ಶಾಲೆಯ ರೇಡಿಯೊ ಅಲ್ಲ, ಅಂಥದ್ದು, ನಮ್ಮ ಶಾಲೆಯದರ ಎಡಮೂಲೆಯಲ್ಲಿ ಬೆರಳಗಲ ಚಕ್ಕೆ ಎದ್ದಿತ್ತು, ಅದನ್ನು ಗುಜರಿಗೆ ಮಾರಲಾಯಿತು. ‘ಮಾರಲಾಯಿತು’ ಎಂದು ಬರೆದ ಮೇಲೆ ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆವು. ಮೂವತ್ತು ವರ್ಷ ಮಕ್ಕಳಿಗೆ ಕರ್ತರಿ, ಕರ್ಮಣಿ ಪ್ರಯೋಗ ಕಲಿಸಿದವರು ನಾವು. ಆ ಪದವನ್ನು ಹೊಡೆದುಹಾಕಿ, ಮಾರಿದವರು ಎಂದು ಬರೆದು, ಮುಂದೆ ನಮ್ಮ ಹೆಸರು ಹಾಕಿದೆವು. ಆ ಹುಡುಗನ ವಿಳಾಸವನ್ನು ಹಾಜರಿ ಪುಸ್ತಕದಿಂದ ಹುಡುಕಿ ಚೀಟಿಯ ಒಂದು ಪ್ರತಿಯನ್ನು ಅಂಚೆಯಲ್ಲಿ ಕಳಿಸಿದ್ದೇವೆ.